ಕಬ್ಬಿಗೆ ಸಿಗುವುದು ಜೋಳಕ್ಕೆ ಯಾಕೆ ಸಿಗುವುದಿಲ್ಲ? ಸಬ್ಸಿಡಿಯ ಹಿಂದಿನ ಶಾಸಕರ ಲೆಕ್ಕ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ವಿಧಾನಸಭೆ ಬೆಳಗಾವಿಗೆ ಬಂದು ಕೂರುತ್ತದೆ. ಸುವರ್ಣ ವಿಧಾನಸೌಧದ ಒಳಗೆ ಅಧಿವೇಶನ, ಹೊರಗೆ ಹಸಿರು ಶಾಲಿನವರ ಧರಣಿ. ಒಳಗಿನವರು ಎಲ್ಲದಕ್ಕೂ ಕಿತ್ತಾಡುತ್ತಾರೆ. ಮಹದಾಯಿ, ಮೀಸಲಾತಿ, ಅನುದಾನ ಯಾವುದನ್ನೂ ಬಿಡುವುದಿಲ್ಲ. ಆದರೆ ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟು ನಿಲ್ಲಿಸೋಣ, ಸೊಸೈಟಿ ಸಾಲಕ್ಕೆ ಬಡ್ಡಿ ಹಾಕೋಣ ಅಂತ ಎದ್ದು ನಿಂತು ಹೇಳುವ ಶಾಸಕ ಯಾವ ಪಕ್ಷದಲ್ಲೂ ಸಿಗುವುದಿಲ್ಲ. ಅಧಿಕಾರದಲ್ಲಿ ಇದ್ದವರು ಕೊಡುತ್ತಾರೆ, ವಿರೋಧ ಪಕ್ಷದವರು ಸಾಲದು ಎನ್ನುತ್ತಾರೆ. ಮುಂದಿನ ಚುನಾವಣೆಯಲ್ಲಿ ಜಾಗ ಅದಲುಬದಲಾದರೂ ಮಾತು ಅದೇ.

ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ವೋಟಿಗಾಗಿ. ತಪ್ಪೇನಿಲ್ಲ. ಬೆಳಗಾವಿಯಲ್ಲಿ 18, ವಿಜಯಪುರದಲ್ಲಿ 8, ಬಾಗಲಕೋಟೆಯಲ್ಲಿ 7 ವಿಧಾನಸಭಾ ಕ್ಷೇತ್ರಗಳಿವೆ. 224ರಲ್ಲಿ 33 ಕ್ಷೇತ್ರ ಈ ಮೂರೇ ಜಿಲ್ಲೆಗಳದ್ದು. ಒಂದೆರಡು ಪೇಟೆ ಕ್ಷೇತ್ರ ಬಿಟ್ಟರೆ ಉಳಿದ ಕಡೆ ಹೊಲದವರ ವೋಟಿಲ್ಲದೆ ಗೆಲ್ಲಲು ಆಗುವುದಿಲ್ಲ.

ಆದರೆ ಈ ಉತ್ತರ ಅರ್ಧ ದಾರಿಗೇ ನಿಲ್ಲುತ್ತದೆ. ಇಂಡಿ, ಸಿಂದಗಿ ಕಡೆ ಮಳೆ ನಂಬಿ ಜೋಳ, ತೊಗರಿ, ಕಡಲೆ ಬೆಳೆಯುವವರೂ ವೋಟು ಹಾಕುತ್ತಾರೆ. ಅವರಿಗೆ ಸಿಗುವುದಕ್ಕೂ ಘಟಪ್ರಭಾ ದಂಡೆಯ ಕಬ್ಬಿನವರಿಗೆ ಸಿಗುವುದಕ್ಕೂ ಅಜಗಜಾಂತರ ಇದೆ. ಬರೀ ವೋಟಿನ ಲೆಕ್ಕವೇ ಆಗಿದ್ದರೆ ಇಷ್ಟು ವ್ಯತ್ಯಾಸ ಯಾಕೆ ಇರಬೇಕಿತ್ತು? ನನಗೆ ಮುಖ್ಯ ಅನ್ನಿಸುವುದು ಇದೇ. ಯಾವ ಸಬ್ಸಿಡಿ ಹುಟ್ಟುತ್ತದೆ, ಯಾವುದು ಉಳಿಯುತ್ತದೆ, ಯಾರಿಗೆ ತಲುಪುತ್ತದೆ ಎನ್ನುವುದನ್ನು ರೈತನ ಕಷ್ಟ ಒಂದೇ ತೀರ್ಮಾನ ಮಾಡುವುದಿಲ್ಲ. ಯಾರು ಒಟ್ಟಾಗಿ ಬರಬಲ್ಲರು, ಕೊಟ್ಟಿದ್ದು ಎಷ್ಟು ಬೇಗ ಕಣ್ಣಿಗೆ ಕಾಣುತ್ತದೆ, ಶಾಸಕರ ಕೈಯಲ್ಲಿ ಯಾವ ಅಧಿಕಾರ ಇದೆ, ಈ ಮೂರು ಸೇರಿ ತೀರ್ಮಾನ ಮಾಡುತ್ತವೆ.

ಮೊದಲು ಸಬ್ಸಿಡಿ ಅಂದರೆ ಏನೇನು ಅಂತ ಚುಟುಕಾಗಿ ನೋಡಿಬಿಡೋಣ. ರೈತ ಸಂಪರ್ಕ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವ ತಾಡಪತ್ರಿ, ಸ್ಪ್ರಿಂಕ್ಲರ್ ಪೈಪು, ಬಿತ್ತನೆ ಬೀಜ ಎಲ್ಲರಿಗೂ ಗೊತ್ತು. ಅದಕ್ಕಿಂತ ಎಷ್ಟೋ ದೊಡ್ಡದು ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲು ಇಲ್ಲ. ಆ ದುಡ್ಡನ್ನು ರಾಜ್ಯ ಸರ್ಕಾರ ಹೆಸ್ಕಾಂನಂಥ ಕಂಪನಿಗಳಿಗೆ ತುಂಬಿಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಮುಂಗಡವಾಗಿಯೇ ಕೊಡಬೇಕು. 2025-26ರ ರಾಜ್ಯ ಬಜೆಟ್‌ನಲ್ಲಿ ಇದಕ್ಕೆ ಇಟ್ಟಿದ್ದು 16 ಸಾವಿರ ಕೋಟಿ ರೂಪಾಯಿ ಆಸುಪಾಸು. ಸಹಕಾರಿ ಸೊಸೈಟಿಗಳ ಬೆಳೆಸಾಲಕ್ಕೆ 3 ಲಕ್ಷದವರೆಗೆ ಬಡ್ಡಿ ಇರಲಿಲ್ಲ. 2023ರ ಬಜೆಟ್‌ನಲ್ಲಿ ಆ ಮಿತಿಯನ್ನು 5 ಲಕ್ಷಕ್ಕೆ ಏರಿಸಿದರು. ಕೇಂದ್ರದಿಂದ ಪಿಎಂ ಕಿಸಾನ್‌ನ ವರ್ಷಕ್ಕೆ 6 ಸಾವಿರ. ಗೊಬ್ಬರದ ಸಬ್ಸಿಡಿ ಬೇರೆ.

ಖಜಾನೆಯಿಂದ ನೇರವಾಗಿ ಒಂದು ಪೈಸೆಯೂ ಹೋಗದ ಇನ್ನೊಂದು ಬಗೆ ಇದೆ. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ಗೊತ್ತು ಮಾಡುತ್ತದೆ. 2025-26ಕ್ಕೆ 10.25 ರಿಕವರಿಯ (ನೂರು ಕೆಜಿ ಕಬ್ಬಿನಿಂದ 10.25 ಕೆಜಿ ಸಕ್ಕರೆ ಬರುವ) ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಅದಕ್ಕಿಂತ ಕಡಿಮೆಗೆ ಕಾರ್ಖಾನೆ ಕೊಳ್ಳುವಂತಿಲ್ಲ. ಸಕ್ಕರೆಯನ್ನೂ ಕಾರ್ಖಾನೆ ಇಂತಿಷ್ಟು ಬೆಲೆಗಿಂತ ಕೆಳಗೆ ಮಾರುವಂತಿಲ್ಲ ಎಂಬ ನಿಯಮ 2018ರಲ್ಲಿ ಬಂತು, 2019ರಲ್ಲಿ ಆ ಬೆಲೆ ಕೆಜಿಗೆ 31 ರೂಪಾಯಿ ಆಯಿತು. ಇದನ್ನು ಸಬ್ಸಿಡಿ ಅನ್ನಬಾರದು ಎಂದು ವಾದಿಸುವವರಿದ್ದಾರೆ. ಆದರೆ ಕಾನೂನಿನ ಬಲದಿಂದ ಚಹಾ ಕುಡಿಯುವವರ ಜೇಬಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ರೈತನಿಗೆ ಹಣ ಹರಿಯುತ್ತದೆ ಅಂದಮೇಲೆ ಅದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು, ಅಲ್ವಾ?

ಗುರ್ಲಾಪುರ ಕ್ರಾಸಿನಲ್ಲಿ ಹುಟ್ಟಿದ 50 ರೂಪಾಯಿ

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಕೂತರು. ಟನ್ನಿಗೆ 3,500 ರೂಪಾಯಿ ಕೊಡಬೇಕು ಅನ್ನುವುದು ಬೇಡಿಕೆ. ಎಫ್‌ಆರ್‌ಪಿಯೇ 3,550 ಇರುವಾಗ ಇದೇನು ಬೇಡಿಕೆ ಅಂತ ಬೆಂಗಳೂರಿನ ಓದುಗರಿಗೆ ಅನ್ನಿಸಬಹುದು. ಎಫ್‌ಆರ್‌ಪಿ ಕಾರ್ಖಾನೆ ಗೇಟಿನ ಬೆಲೆ. ಕಟಾವು ಗ್ಯಾಂಗಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ರೈತರು ಕೇಳಿದ್ದು ಅದೆಲ್ಲ ಕಳೆದು ಕೈಗೆ 3,500.

ಹೋರಾಟ ವಾರ ದಾಟಿತು, ಬಾಗಲಕೋಟೆ ಜಿಲ್ಲೆಗೂ ಹಬ್ಬಿತು. ಕೊನೆಗೆ ಮುಖ್ಯಮಂತ್ರಿ ಕಾರ್ಖಾನೆ ಮಾಲೀಕರನ್ನೂ ರೈತ ಮುಖಂಡರನ್ನೂ ಬೆಂಗಳೂರಿಗೆ ಕರೆಸಿ ಮಾತಾಡಿದರು. 11.25 ರಿಕವರಿ ಇರುವ ಕಬ್ಬಿಗೆ ಕಟಾವು, ಸಾಗಣೆ ಖರ್ಚು ಬಿಟ್ಟು 3,300 ಎಂದು ತೀರ್ಮಾನ ಆಯಿತು. ಆ 3,300ರಲ್ಲಿ 50 ರೂಪಾಯಿ ಸರ್ಕಾರದ್ದು.

ಆ 50 ರೂಪಾಯಿ ಎಲ್ಲಿಂದ ಬಂತು ನೋಡಿ. ವರ್ಷದ ಆರಂಭದ ಬಜೆಟ್ಟಿನಲ್ಲಿ ಅದು ಇರಲಿಲ್ಲ. ಯಾವ ಪರಿಣತರ ಸಮಿತಿಯೂ ಟನ್ನಿಗೆ 50 ಕೊಡಿ ಅಂತ ಶಿಫಾರಸು ಮಾಡಿರಲಿಲ್ಲ. ರೈತರ ಬೇಡಿಕೆ ಮತ್ತು ಕಾರ್ಖಾನೆಯವರು ಒಪ್ಪಿದ ಬೆಲೆಯ ನಡುವೆ ಒಂದು ಕಂದಕ ಉಳಿಯಿತು, ರಸ್ತೆ ತೆರೆಯಬೇಕಿತ್ತು, ಸರ್ಕಾರ ತನ್ನ ದುಡ್ಡಿನಿಂದ ಒಂದಿಷ್ಟು ತುಂಬಿತು. ಬಹಳಷ್ಟು ಸಬ್ಸಿಡಿಗಳು ಹುಟ್ಟುವುದು ಹೀಗೇ.

ಇಲ್ಲಿ ಕಬ್ಬಿನ ಸ್ವಭಾವವನ್ನೇ ಸ್ವಲ್ಪ ಗಮನಿಸಬೇಕು. ಕಬ್ಬು ನುರಿಸುವುದು ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಒಂದು ಕಾರ್ಖಾನೆಗೆ ಕಬ್ಬು ಬರುವುದು ಸುತ್ತಲಿನ ಗೊತ್ತಿರುವ ಊರುಗಳಿಂದ. ಅಲ್ಲಿನ ರೈತರೆಲ್ಲ ಒಬ್ಬರಿಗೊಬ್ಬರು ಪರಿಚಯ. ಎಲ್ಲರೂ ಮಾರುವುದು ಒಂದೇ ಸಮಯಕ್ಕೆ, ಒಂದೇ ಗೇಟಿಗೆ, ಒಂದೇ ಬೆಲೆಗೆ. ಬೆಲೆ ಟನ್ನಿಗೆ 100 ರೂಪಾಯಿ ಏರಿದರೆ ಪ್ರತಿಯೊಬ್ಬರಿಗೂ ತನಗೆ ಎಷ್ಟು ಸಿಗುತ್ತದೆ ಅಂತ ಅಲ್ಲೇ ಬಾಯಿಲೆಕ್ಕದಲ್ಲಿ ಹೇಳಲು ಬರುತ್ತದೆ. ಟ್ರ್ಯಾಕ್ಟರ್ ತಡೆದರೆ ಕಾರ್ಖಾನೆ ನಿಲ್ಲುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಹಾಗಾಗಿ ಎರಡೂ ಕಡೆಯವರಿಗೆ ಅವಸರ. ಸರ್ಕಾರಕ್ಕೆ ಉಸಿರಾಡಲು ವಾರ ಎರಡು ವಾರ ಅಷ್ಟೇ.

ಈಗ ಜೋಳದವರನ್ನು ನೋಡಿ. ಹಿಂಗಾರಿ ಬಿಳಿಜೋಳ ಮನೆಗೆ ಬಂದಮೇಲೆ ಅರ್ಧ ತಿನ್ನಲು, ಕಣಕಿ ದನಕ್ಕೆ. ಉಳಿದ ಚೀಲಗಳನ್ನು ಒಬ್ಬರು ಯುಗಾದಿ ಹೊತ್ತಿಗೆ ಮಾರುತ್ತಾರೆ, ಇನ್ನೊಬ್ಬರು ಮಗಳ ಮದುವೆ ಬಂದಾಗ. ಒಬ್ಬರು ಎಪಿಎಂಸಿಗೆ ಒಯ್ಯುತ್ತಾರೆ, ಒಬ್ಬರು ಊರಲ್ಲೇ ದಲಾಲಿಗೆ ಕೊಡುತ್ತಾರೆ. ಬೆಲೆ ಬಿತ್ತು ಅಂತ ಸಿಟ್ಟು ಬಂದರೂ ಯಾವ ಗೇಟು ಮುಚ್ಚಬೇಕು? ಯಾವ ದಿನ? ಯಾರ ವಿರುದ್ಧ? ಸಿಟ್ಟು ಮನೆಮನೆಯಲ್ಲೇ ಉಳಿಯುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್ 1965ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಲಾಭ ಕೆಲವೇ ಜನಕ್ಕೆ ದೊಡ್ಡದಾಗಿ ಬರುವಂತಿದ್ದರೆ ಅವರು ಒಂದಾಗಿ ಹೋರಾಡುತ್ತಾರೆ. ಖರ್ಚು ಕೋಟಿ ಜನರ ಮೇಲೆ ಚೂರುಚೂರಾಗಿ ಬಿದ್ದರೆ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಸಕ್ಕರೆಗೆ ಕೆಜಿಗೆ ಒಂದು ರೂಪಾಯಿ ಜಾಸ್ತಿ ಆಯಿತು ಅಂತ ಯಾರಾದರೂ ಕೆಲಸ ಬಿಟ್ಟು ಧರಣಿ ಕೂರುತ್ತಾರಾ? ಶಾಸಕರಿಗೆ ಒಂದು ಕಡೆಯಿಂದ ಮಾತ್ರ ಸದ್ದು ಕೇಳುತ್ತದೆ. ಆ ಸದ್ದಿಗೆ ಓಗೊಡುತ್ತಾರೆ.

ಇದರಿಂದ ಇನ್ನೊಂದು ವಿಚಿತ್ರವೂ ಅರ್ಥ ಆಗುತ್ತದೆ. ಅಮೆರಿಕದಲ್ಲಿ ಕೃಷಿಯಲ್ಲಿ ದುಡಿಯುವವರು ನೂರಕ್ಕೆ ಇಬ್ಬರೂ ಇಲ್ಲ. ಆದರೂ ಅಲ್ಲಿ ರೈತರಿಗೆ 1933ರಿಂದಲೂ ಸಬ್ಸಿಡಿ ಹರಿಯುತ್ತಲೇ ಇದೆ. ಅಲ್ಲಿನ ಸೆನೆಟ್‌ನಲ್ಲಿ ರಾಜ್ಯ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ ಇಬ್ಬರೇ ಸದಸ್ಯರು. ಕೋಟಿಗಟ್ಟಲೆ ಜನರ ಕ್ಯಾಲಿಫೋರ್ನಿಯಾಗೂ ಇಬ್ಬರು, ಹತ್ತು ಲಕ್ಷಕ್ಕಿಂತ ಕಡಿಮೆ ಜನರ ನಾರ್ತ್ ಡಕೋಟಾಗೂ ಇಬ್ಬರು. ಹಾಗಾಗಿ ಹೊಲಗದ್ದೆಯ ರಾಜ್ಯಗಳ ಮಾತಿಗೆ ತೂಕ ಜಾಸ್ತಿ. ಅಷ್ಟೇ ಅಲ್ಲ, 1973ರಿಂದ ಬಡವರ ಆಹಾರ ಕೂಪನ್ ಯೋಜನೆಯನ್ನೂ ರೈತರ ಸಬ್ಸಿಡಿಯನ್ನೂ ಒಂದೇ ಮಸೂದೆಯಲ್ಲಿ ಕಟ್ಟಿದ್ದಾರೆ. ನಗರದ ಸಂಸದರು ಕೂಪನ್‌ಗಾಗಿ ಕೈ ಎತ್ತುತ್ತಾರೆ, ಹಳ್ಳಿಯ ಸಂಸದರು ಸಬ್ಸಿಡಿಗಾಗಿ. ಮಸೂದೆ ಪಾಸಾಗುತ್ತದೆ. ನಮ್ಮಲ್ಲಿ ಬೆಂಬಲ ಬೆಲೆಗೆ ಜೋಳ ಕೊಂಡು ರೇಷನ್ ಅಂಗಡಿಯಲ್ಲಿ ಹಂಚಿದಾಗಲೂ ಇಂಥದ್ದೇ ಜೋಡಣೆ ಆಗುತ್ತದೆ. ಬೆಳೆಯುವವರೂ ತಿನ್ನುವವರೂ ಒಂದೇ ಬದಿಗೆ ಬರುತ್ತಾರೆ. ಒಣಬೇಸಾಯದವರಿಗೆ ಗಟ್ಟಿ ರಾಜಕೀಯ ಬಲ ಸಿಗುವುದಿದ್ದರೆ ಈ ದಾರಿಯಲ್ಲೇ ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಖರೀದಿ ಇನ್ನೂ ಕಬ್ಬಿನ ಎಫ್‌ಆರ್‌ಪಿಯಷ್ಟು ಗಟ್ಟಿಯಾಗಿ ನೆಲೆ ನಿಂತಿಲ್ಲ. ಬೆಂಬಲ ಬೆಲೆ ಪ್ರಕಟ ಆಗುತ್ತದೆ, ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲ ಇದ್ದವರು ಮಾರಿಬಿಟ್ಟಿರುತ್ತಾರೆ.

ಚೀಲದ ಮೇಲಿನ ಹೆಸರು

ಒಂದು ಯೂರಿಯಾ ಚೀಲ ಎದುರಿಗಿಟ್ಟು ನೋಡಿ. 2018ರ ತನಕ 50 ಕೆಜಿ ಇತ್ತು, ಈಗ 45. ಬೆಲೆ 266 ರೂಪಾಯಿ 50 ಪೈಸೆ. ಇದರ ಅಸಲು ಬೆಲೆ ಸರ್ಕಾರದ ಲೆಕ್ಕದಲ್ಲೇ 2 ಸಾವಿರ ದಾಟಿದ ವರ್ಷಗಳಿವೆ. ಉಳಿದಿದ್ದನ್ನು ಕೇಂದ್ರ ಸರ್ಕಾರ ಗೊಬ್ಬರ ಕಂಪನಿಗೆ ತುಂಬಿಕೊಡುತ್ತದೆ. ಅಂಗಡಿಯಲ್ಲಿ ರೈತ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಮೇಲೆ ಆ ಮಾರಾಟದ ಲೆಕ್ಕ ಹೋಗಿ ಕಂಪನಿಗೆ ಹಣ ಬರುತ್ತದೆ. ಉಕ್ರೇನ್ ಯುದ್ಧ ಶುರುವಾಗಿ ಜಗತ್ತಿನಲ್ಲಿ ಗೊಬ್ಬರದ ಬೆಲೆ ಹುಚ್ಚೆದ್ದಿತಲ್ಲ, 2022-23ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ಮುಟ್ಟಿತು. ನಮ್ಮ ಊರಿನ ಅಂಗಡಿಯಲ್ಲಿ ಯೂರಿಯಾ ಬೆಲೆ ಒಂದು ರೂಪಾಯಿಯೂ ಏರಲಿಲ್ಲ.

ಇನ್ನು ಚೀಲದ ಮೇಲೆ ಕಣ್ಣು ಹಾಯಿಸಿ. ಮೊದಲು ಕಂಪನಿಯ ಹೆಸರು ದೊಡ್ಡದಾಗಿ ಇರುತ್ತಿತ್ತು. 2022ರ ಅಕ್ಟೋಬರ್‌ನಿಂದ ಎಲ್ಲ ಕಂಪನಿಯ ಯೂರಿಯಾವೂ ‘ಭಾರತ್ ಯೂರಿಯಾ’. ಚೀಲದ ಮೂರನೇ ಎರಡು ಪಾಲು ಜಾಗ ಆ ಹೆಸರಿಗೆ ಮತ್ತು ‘ಪ್ರಧಾನಮಂತ್ರಿ’ ಎಂದು ಶುರುವಾಗುವ ಯೋಜನೆಯ ಹೆಸರಿಗೆ. ಕಂಪನಿಗೆ ಉಳಿದಿದ್ದು ಒಂದು ಪಾಲು. ಕೊಟ್ಟವರು ಯಾರು ಅಂತ ರೈತನಿಗೆ ಗೊತ್ತಾಗಲೇಬೇಕು. ಇದು ಒಂದೇ ಪಕ್ಷದ ಚಾಳಿ ಅಂದುಕೊಳ್ಳಬೇಡಿ. ನಮ್ಮ ತಾಲ್ಲೂಕುಗಳಲ್ಲಿ ತಾಡಪತ್ರಿ ಹಂಚುವ ಕಾರ್ಯಕ್ರಮಕ್ಕೂ ಶಾಮಿಯಾನ ಇರುತ್ತದೆ. ಶಾಸಕರು ಫಲಾನುಭವಿಯ ಕೈಗೆ ತಾಡಪತ್ರಿ ಕೊಡುವ ಫೋಟೋ ಮರುದಿನದ ಪೇಪರ್‌ನಲ್ಲಿ ಬರುತ್ತದೆ, ಆ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಳತಾಗಿರುತ್ತದೆ.

ಶಾಸಕರ ಅವಧಿ 5 ವರ್ಷ. ಈ ಅವಧಿಯೊಳಗೆ ಕಾಣುವ ಕೆಲಸ ಅವರಿಗೆ ಬೇಕು. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ಸವಳು-ಜವಳಾದ ನೆಲ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಗೊತ್ತಾಗುತ್ತದೆ. ಕಾಲುವೆ ನೀರು, ಬೋರಿನ ನೀರು ವರ್ಷಗಟ್ಟಲೆ ಕಬ್ಬಿಗೆ ಕಟ್ಟಿ ಕಟ್ಟಿ ಕಪ್ಪು ನೆಲದ ಮೇಲೆ ಬಿಳಿ ಉಪ್ಪು ಎದ್ದಿದೆ. ಸರಿ ಮಾಡಲು ನೆಲದಡಿ ತೂತಿನ ಪೈಪು ಹಾಕಿ ನೀರು ಬಸಿಯಬೇಕು. ಒಬ್ಬನ ಹೊಲದಲ್ಲಿ ಮಾಡಿದರೆ ಸಾಲದು, ಅಕ್ಕಪಕ್ಕದ ಹತ್ತಾರು ಜನ ಒಪ್ಪಬೇಕು, ಬಸಿದ ನೀರು ಹಳ್ಳಕ್ಕೆ ಹೋಗುವ ದಾರಿ ಇರಬೇಕು. ನೆಲ ಚೇತರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ಪೈಪು ನೆಲದೊಳಗೆ ಹೂತಿರುತ್ತದೆ, ರಿಬ್ಬನ್ ಕಟ್ಟಲು ಜಾಗವೇ ಇಲ್ಲ. ಫಸಲು ಬರುವ ಹೊತ್ತಿಗೆ ಬೇರೆ ಶಾಸಕರು ಇರಬಹುದು. ಒಳ್ಳೆಯ ತಳಿ, ಬರ ತಡೆಯುವ ಜೋಳ, ನೆಟೆ ರೋಗ ತಾಳುವ ತೊಗರಿ, ಇವುಗಳ ಸಂಶೋಧನೆಯ ಕಥೆಯೂ ಇದೇ. ರೈತನಿಗೆ ಇವುಗಳಿಂದ ಆಗುವ ಉಪಕಾರ ದೊಡ್ಡದು. ಶಾಸಕರಿಗೆ ಆಗುವ ಉಪಕಾರ ಏನೂ ಇಲ್ಲ.

ಕಾಲ ನೋಡಿ ಕೊಡುವುದೂ ಇದರದ್ದೇ ಭಾಗ. ಪಿಎಂ ಕಿಸಾನ್ ಘೋಷಣೆ ಆಗಿದ್ದು 2019ರ ಫೆಬ್ರುವರಿ ಬಜೆಟ್‌ನಲ್ಲಿ. ಅದೇ ತಿಂಗಳ 24ಕ್ಕೆ ಮೊದಲ ಕಂತು ಖಾತೆಗೆ ಬಂತು. ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆ. 2008ರಲ್ಲಿ ಯುಪಿಎ ಸರ್ಕಾರದ ದೊಡ್ಡ ಸಾಲಮನ್ನಾ ಬಂದಿದ್ದೂ 2009ರ ಚುನಾವಣೆಗೆ ಮುಂಚೆ.

ಮುಟ್ಟಿದರೆ ಏನಾಗುತ್ತದೆ ಎಂಬ ನೆನಪು

ಕೊಡುವ ಆಸೆಗಿಂತ ಕಿತ್ತುಕೊಳ್ಳುವ ಭಯ ದೊಡ್ಡದು. ಈ ಭಯಕ್ಕೆ ನಮ್ಮ ಭಾಗದಲ್ಲೇ ಇತಿಹಾಸ ಇದೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, ನೀರಾವರಿಯಿಂದ ಜಮೀನಿನ ಬೆಲೆ ಏರಿದೆ ಎಂದು ಸರ್ಕಾರ ಅಭಿವೃದ್ಧಿ ಕರ ಹಾಕಿತು. ನೀರು ಸರಿಯಾಗಿ ಬಾರದ ಹೊಲಗಳಿಗೂ ನೋಟಿಸು ಹೋಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಸಿಡಿದೆದ್ದರು. ಗೋಲಿಬಾರ್ ಆಯಿತು, ಪ್ರಾಣಗಳು ಹೋದವು. ಸರ್ಕಾರ ಕರದ ವಸೂಲಿ ನಿಲ್ಲಿಸಬೇಕಾಯಿತು. ರಾಜ್ಯದ ರೈತ ಚಳವಳಿ ಗಟ್ಟಿಯಾಗಿ ಬೇರೂರಿದ್ದು ಅಲ್ಲಿಂದಲೇ. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಹೋಗಿ, ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ರಾಜಕಾರಣಿಗಳ ನೆನಪಿನಲ್ಲಿ ಉಳಿದಿದ್ದು ನರಗುಂದ.

ಪಕ್ಕದ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ವಿದ್ಯುತ್ ಸುಧಾರಣೆಗೆ ಹೊರಟು 2004ರಲ್ಲಿ ಸೋತರು. ಗೆದ್ದ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾಗಿ ಮೊದಲು ಸಹಿ ಹಾಕಿದ್ದು ರೈತರ ಉಚಿತ ಕರೆಂಟಿನ ಕಡತಕ್ಕೆ. ಪಂಜಾಬ್‌ನಲ್ಲಿ ಅಮರಿಂದರ್ ಸಿಂಗ್ 2002ರಲ್ಲಿ ಉಚಿತ ಕರೆಂಟು ನಿಲ್ಲಿಸಿದರು, 2005ರಲ್ಲಿ ಅವರೇ ಮತ್ತೆ ಕೊಟ್ಟರು. ಇಷ್ಟು ನೋಡಿದ ಶಾಸಕರು ಯಾರು ತಾನೇ ಮೀಟರ್ ಹಾಕೋಣ ಅನ್ನುತ್ತಾರೆ?

ಹಾಂ, ಮೀಟರಿನ ವಿಷಯ. ಪಂಪ್‌ಸೆಟ್ಟುಗಳಿಗೆ ಬಹುಪಾಲು ಮೀಟರ್ ಇಲ್ಲ. ಎಷ್ಟು ಕರೆಂಟು ಹೋಯಿತು ಎನ್ನುವುದನ್ನು ಫೀಡರ್ (ವಿದ್ಯುತ್ ಮಾರ್ಗ), ಟಿಸಿ (ಟ್ರಾನ್ಸ್‌ಫಾರ್ಮರ್) ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಅಂದಾಜು ಅಂದಮೇಲೆ ತಂತಿಯಲ್ಲಿ ಸೋರಿದ್ದು, ಕಳವಾದದ್ದು ಕೂಡ ರೈತನ ಹೆಸರಿಗೆ ಸೇರಬಹುದು. ಇದು ನನಗೆ ತುಂಬಾ ನೋವಿನ ವಿಷಯ. ರೈತರಿಗೆ ಸಾವಿರಾರು ಕೋಟಿ ಕೊಟ್ಟೆವು ಅಂತ ಪೇಪರ್‌ನಲ್ಲಿ ಬರುತ್ತದೆ, ಆ ಕೋಟಿಯಲ್ಲಿ ಹೊಲಕ್ಕೆ ಮುಟ್ಟಿದ್ದು ಎಷ್ಟು ಅಂತ ರೈತನಿಗೇ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಇಷ್ಟು: ತ್ರೀ ಫೇಸ್ ರಾತ್ರಿ ಬರುತ್ತದೆ, ಬ್ಯಾಟರಿ ಹಿಡಿದು ಹಾವು ಹುಳದ ನಡುವೆ ನೀರು ಕಟ್ಟಬೇಕು, ಟಿಸಿ ಸುಟ್ಟರೆ ಬದಲಿ ಬರುವ ತನಕ ಬೆಳೆ ಬಾಡಬೇಕು. ಹಗಲು 7 ತಾಸು ಸರಿಯಾಗಿ ಕೊಟ್ಟರೆ ಅಷ್ಟಿಷ್ಟು ದುಡ್ಡು ಕೊಡಲೂ ತಯಾರು ಅನ್ನುವ ರೈತರು ಇದ್ದಾರೆ. ಆದರೆ ಪುಕ್ಕಟೆ ಕೊಡುವ ಭಾಷಣ ಸುಲಭ. ಹಗಲು ಕೊಡಲು ಸಬ್‌ಸ್ಟೇಷನ್ ಕಟ್ಟಬೇಕು, ಸೋಲಾರ್ ಫೀಡರ್ ಮಾಡಬೇಕು.

ಒಬ್ಬರೇ ಎರಡು ಕಡೆ

ಕಬ್ಬಿನ ಊರುಗಳ ರಾಜಕೀಯದಲ್ಲಿ ಇನ್ನೊಂದು ಎಳೆ ಇದೆ. ಇಲ್ಲಿ ಶಾಸಕ ಸ್ಥಾನಕ್ಕೆ ಏರುವ ಮೆಟ್ಟಿಲುಗಳೇ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ), ಡಿಸಿಸಿ ಬ್ಯಾಂಕು (ಜಿಲ್ಲಾ ಸಹಕಾರಿ ಬ್ಯಾಂಕು), ಸಕ್ಕರೆ ಕಾರ್ಖಾನೆಯ ಬೋರ್ಡು. ಎಷ್ಟೋ ರಾಜಕೀಯ ಕುಟುಂಬಗಳಿಗೆ ಸ್ವಂತ ಕಾರ್ಖಾನೆಗಳೂ ಇವೆ. ಮುಧೋಳದಲ್ಲಿ ಮುರುಗೇಶ ನಿರಾಣಿ ಕುಟುಂಬದ್ದು, ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಕತ್ತಿ ಕುಟುಂಬದ್ದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇದು ಕಾನೂನಿಗೆ ವಿರುದ್ಧ ಅಲ್ಲ. ಆದರೆ ಕಬ್ಬಿನ ಬೆಲೆ ಚರ್ಚೆಗೆ ಬಂದಾಗ ರೈತರ ಪ್ರತಿನಿಧಿಯೂ ಕಾರ್ಖಾನೆಯ ಪಾಲುದಾರರೂ ಒಬ್ಬರೇ ಆಗಿಬಿಡಬಹುದು. ಅಂಥವರಿಗೆ ಎಲ್ಲಕ್ಕಿಂತ ಹಗುರವಾದ ದಾರಿ ಯಾವುದು? ಕಾರ್ಖಾನೆಯ ಬೆಲೆ ಅಷ್ಟಕ್ಕೇ ಇಟ್ಟು, ಉಳಿದಿದ್ದನ್ನು ಸರ್ಕಾರ ಕೊಡಲಿ ಅನ್ನುವುದು. ರೈತರಿಗೂ ಸಮಾಧಾನ, ಕಾರ್ಖಾನೆಗೂ ಸಮಾಧಾನ. ಸಕ್ಕರೆಯ ಕನಿಷ್ಠ ಬೆಲೆ ಏರಿಸಿ, ಎಥೆನಾಲ್ ಘಟಕದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡಿ ಎಂದು ಕೇಳುವಾಗಲೂ ರೈತನ ಹೆಸರೇ ಮುಂದೆ ಇರುತ್ತದೆ.

ಬಡ್ಡಿ ಇಲ್ಲದ ಸಾಲವೂ ಅದೇ ದಾರಿಯಲ್ಲಿ ಹರಿಯುತ್ತದೆ. ಸೊಸೈಟಿಯಲ್ಲಿ ಯಾರ ಅರ್ಜಿ ಮುಂದೆ ಹೋಗಬೇಕು, ಯಾರದು ಹಿಂದೆ ಬೀಳಬೇಕು ಅನ್ನುವುದರಲ್ಲಿ ಆಡಳಿತ ಮಂಡಳಿಯವರ ಮಾತು ನಡೆಯುತ್ತದೆ. ಸಬ್ಸಿಡಿ ಕಡಿಮೆಯಾದರೆ ರೈತನಿಗೆ ನಷ್ಟ, ಜೊತೆಗೆ ಆ ಇಡೀ ಜಾಲದ ಹಿಡಿತಕ್ಕೂ ಪೆಟ್ಟು.

ಒಂದು ಕೈಯಲ್ಲಿ ಕಸಿದು

ಇಷ್ಟು ಓದಿದವರಿಗೆ ಸಬ್ಸಿಡಿ ಅಂದರೆ ಬರೀ ರಾಜಕೀಯ ಆಟ ಅನ್ನಿಸಬಹುದು. ಹಾಗಲ್ಲ. ಶಾಸಕರ ಪರವಾಗಿ ಹೇಳಬೇಕಾದ ಗಟ್ಟಿ ಮಾತೊಂದಿದೆ.

2023ರಲ್ಲಿ ಉಳ್ಳಾಗಡ್ಡಿಗೆ (ಈರುಳ್ಳಿಗೆ) ಬೆಲೆ ಬಂತು. ಬಸವನ ಬಾಗೇವಾಡಿ, ಕೊಲ್ಹಾರ, ಬಾಗಲಕೋಟೆ ಸುತ್ತ ಬೆಳೆದವರು ಖುಷಿಯಾದರು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಫ್ತಿನ ಮೇಲೆ 40 ಶೇಕಡ ಸುಂಕ ಹಾಕಿತು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿತು. ಪೇಟೆಯಲ್ಲಿ ಬೆಲೆ ಕುಸಿಯಿತು. ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ, 2024ರ ಮೇ ತಿಂಗಳಲ್ಲಿ, ನಿಷೇಧ ತೆಗೆದರು. ಸುಂಕ 2025ರ ಏಪ್ರಿಲ್ ತನಕ ಇತ್ತು. ಗೋಧಿ, ಅಕ್ಕಿ, ಸಕ್ಕರೆಗೂ ಈಚಿನ ವರ್ಷಗಳಲ್ಲಿ ಇಂಥ ಕಟ್ಟುಪಾಡು ಬಂದಿವೆ. ಪಟ್ಟಣದ ಗ್ರಾಹಕರಿಗೆ ಬೆಲೆ ಏರಬಾರದು ಎನ್ನುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಅದರ ಬಿಲ್ಲು ರೈತನ ಹೆಸರಿಗೆ ಹೋಗುತ್ತದೆ. ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ವರದಿಗಳು ವರ್ಷಗಳಿಂದ ಹೇಳುತ್ತಿರುವುದು ಇದನ್ನೇ. ಸಬ್ಸಿಡಿ ಎಲ್ಲ ಕೂಡಿಸಿದರೂ, ಬೆಲೆ ಅದುಮಿದ್ದರಿಂದ ಆದ ನಷ್ಟ ಕಳೆದರೆ ಭಾರತದ ರೈತರಿಗೆ ಒಟ್ಟು ಬೆಂಬಲ ಮೈನಸ್‌ಗೆ ಬೀಳುತ್ತದೆ.

ಈಗ ವಿಜಯಪುರದ ಒಬ್ಬ ಶಾಸಕರ ಜಾಗದಲ್ಲಿ ನಿಂತು ಯೋಚಿಸಿ. ರಫ್ತು ನೀತಿ ದೆಹಲಿಯದು. ಬೆಂಬಲ ಬೆಲೆ ದೆಹಲಿಯದು. ಆಮದು ಸುಂಕ ದೆಹಲಿಯದು. ತೊಗರಿಯನ್ನು ಹೊರದೇಶದಿಂದ ಸುಂಕ ಇಲ್ಲದೆ ತರಿಸಿ ಬೆಲೆ ಬಿದ್ದರೆ ಅವರಿಗೆ ಪತ್ರ ಬರೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಅವರ ಕೈಗೆ ಎಟುಕುವುದು ಕರೆಂಟು, ಸೊಸೈಟಿ ಬಡ್ಡಿ, ಕೃಷಿ ಹೊಂಡ, ಸ್ಪ್ರಿಂಕ್ಲರ್ ಸೆಟ್ಟು. ಬೆಲೆಯಲ್ಲಿ ಕಳೆದುಕೊಂಡ ರೈತ ಮನೆ ಬಾಗಿಲಿಗೆ ಬಂದಾಗ ಬೆಲೆ ಕೊಡಿಸಲು ಆಗದವರು ಪೈಪು ಕೊಡಿಸುತ್ತಾರೆ. ಇದರಲ್ಲಿ ಲೆಕ್ಕಾಚಾರ ಇದೆ, ನಿಜವಾದ ಕಾಳಜಿಯೂ ಇದೆ. ಎಷ್ಟೋ ಶಾಸಕರು ಸ್ವತಃ ಒಕ್ಕಲು ಮನೆಯವರು. ಮಳೆ ಕೈಕೊಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ಸಬ್ಸಿಡಿ ಎಲ್ಲ ಕಿತ್ತುಹಾಕಿ ಅನ್ನುವ ಪಟ್ಟಣದ ಮಾತು ನನಗೆ ಒಪ್ಪಿಗೆ ಇಲ್ಲ. ಬೆಲೆ ಅದುಮುವುದನ್ನು ಹಾಗೇ ಬಿಟ್ಟು ಗೊಬ್ಬರ, ಕರೆಂಟು ಮಾತ್ರ ಕಿತ್ತುಕೊಂಡರೆ ಅದು ಅನ್ಯಾಯ. ನನ್ನ ತಕರಾರು ಇರುವುದು ಹಂಚಿಕೆಯ ಮೇಲೆ. ಪಂಪು ಇದ್ದವರಿಗೆ ಪಂಪಿನ ಗಾತ್ರದಷ್ಟು, ನೀರು ಇದ್ದವರಿಗೆ ನೀರು ಇದ್ದಷ್ಟು, ಜಮೀನು ಇದ್ದವರಿಗೆ ಕಾಗದ ಇದ್ದಷ್ಟು ಸಿಗುತ್ತಿದೆ. ಬೋರು ಕೊರೆಸಿ ನೀರು ಬಾರದೆ ಸಾಲ ಮಾತ್ರ ಉಳಿದವರಿಗೆ ಉಚಿತ ಕರೆಂಟಿನಿಂದ ಏನು ಬಂತು?

ಉತಾರದಲ್ಲಿ ಹೆಸರಿಲ್ಲದವರು

ಇವರಿಗಿಂತಲೂ ಹೊರಗೆ ಉಳಿದವರು ಲಾವಣಿ ಮಾಡುವವರು, ಅಂದರೆ ಬೇರೆಯವರ ಹೊಲವನ್ನು ಗುತ್ತಿಗೆಗೆ ಹಿಡಿದು ಬೆಳೆಯುವವರು. ನಮ್ಮ ಕಡೆ ಊರೂರಲ್ಲೂ ಇದ್ದಾರೆ. ಮಾಲೀಕರು ಪಟ್ಟಣದಲ್ಲಿ, ಹೊಲ ಇವರ ಕೈಯಲ್ಲಿ. ವರ್ಷಕ್ಕೆ ಇಷ್ಟು ಅಂತ ಮಾತಿನ ಮೇಲೆ ನಡೆಯುತ್ತದೆ, ಕಾಗದ ಇಲ್ಲ. ಕಾಗದ ಮಾಡುವ ಹಾಗೂ ಇಲ್ಲ. ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ನಿಲ್ಲಿಸಿತು. ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಡಿಸಿತು, ಅದರ ಹಿರಿಮೆ ದೊಡ್ಡದು. ಆದರೆ ಇಂದಿನ ಲಾವಣಿಯವರು ಅದೇ ಕಾನೂನಿನ ಕಾರಣಕ್ಕೆ ಸರ್ಕಾರದ ಕಣ್ಣಿಗೆ ಕಾಣುವುದಿಲ್ಲ.

ಪಿಎಂ ಕಿಸಾನ್ ಹಣ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರ ಖಾತೆಗೆ. ಸೊಸೈಟಿ ಸಾಲಕ್ಕೂ ಉತಾರ ಬೇಕು. ಬೆಳೆ ಹಾನಿ ಪರಿಹಾರವೂ ಜಮೀನಿನ ದಾಖಲೆ ಇರುವವರ ಖಾತೆಗೇ ಹೋಗುತ್ತದೆ. ಬಿತ್ತಿದವರು ಒಬ್ಬರು, ಆಣೆಕಲ್ಲು ಮಳೆಗೆ ಬೆಳೆ ಕಳೆದುಕೊಂಡವರು ಅವರೇ, ಪರಿಹಾರ ಇನ್ನೊಬ್ಬರಿಗೆ. ಅವರಿಗೆ ಕಡಿಮೆ ಬೆಲೆಗೆ ಕೈಗೆ ಸಿಗುವುದೆಂದರೆ ಯೂರಿಯಾ, ಯಾಕೆಂದರೆ ಅಂಗಡಿಯಲ್ಲಿ ಕೇಳುವುದು ಆಧಾರ್, ಉತಾರ ಅಲ್ಲ.

ಶಾಸಕರು ಯಾಕೆ ಇದನ್ನು ಎತ್ತಿಕೊಳ್ಳುವುದಿಲ್ಲ? ಲಾವಣಿಯವರು ಸಂಘಟಿತರಲ್ಲ, ಮಾಲೀಕರ ಎದುರು ಬಾಯಿ ತೆರೆದರೆ ಮುಂದಿನ ವರ್ಷ ಹೊಲ ಸಿಗುವುದಿಲ್ಲ. ಮಾಲೀಕರಿಗೆ ಕಾಗದ ಕೊಟ್ಟರೆ ಭೂಮಿಯೇ ಹೋದೀತು ಎಂಬ ಹಳೆಯ ಭಯ. ಶಾಸಕರಿಗೆ ಎರಡೂ ಕಡೆಯ ವೋಟು ಬೇಕು, ಸುಮ್ನೆ ಇದ್ದುಬಿಡುವುದು ಅವರಿಗೆ ಕ್ಷೇಮ.

ದಾರಿ ಇಲ್ಲ ಎಂದಲ್ಲ. 2016ರಲ್ಲಿ ನೀತಿ ಆಯೋಗ ಮಾಲೀಕತ್ವಕ್ಕೆ ಧಕ್ಕೆ ಬಾರದಂತೆ ಗುತ್ತಿಗೆ ಬರೆದುಕೊಡುವ ಮಾದರಿ ಕಾಯ್ದೆ ರೂಪಿಸಿತು. ಆಂಧ್ರಪ್ರದೇಶ 2011ರಲ್ಲೇ ಗೇಣಿ ರೈತರಿಗೆ ಕಾರ್ಡು ಕೊಡುವ ಕಾನೂನು ತಂದಿತು, 2019ರಲ್ಲಿ ಅದನ್ನು ಬದಲಿಸಿ 11 ತಿಂಗಳ ಕಾರ್ಡು ಮಾಡಿತು. ಆ ಕಾರ್ಡಿನಲ್ಲಿ ಭೂಮಿಯ ಹಕ್ಕು ಬರುವುದಿಲ್ಲ, ಬೆಳೆಯ ಹಕ್ಕು ಮಾತ್ರ. ಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ ಅಷ್ಟು ಸಾಕು. ಅಲ್ಲಿ ಕಾಡಿದ ತೊಡಕು ಏನೆಂದರೆ 2019ರ ಕಾನೂನಿಗೆ ಮಾಲೀಕರ ಸಹಿ ಬೇಕಿತ್ತು, ಬಹಳ ಮಾಲೀಕರು ಸಹಿ ಹಾಕಲು ಮುಂದೆ ಬರಲಿಲ್ಲ. ನಮ್ಮಲ್ಲಿ ಮಾಡುವುದಾದರೆ ಆ ಸಹಿಯ ಗಂಟನ್ನೇ ಮೊದಲು ಬಿಚ್ಚಬೇಕು. ಬಿತ್ತನೆ ಸಮಯದಲ್ಲಿ ಊರಿನಲ್ಲಿ ಬೆಳೆ ಸಮೀಕ್ಷೆ ಹೇಗೂ ನಡೆಯುತ್ತದೆ. ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಮೊಬೈಲಿನಲ್ಲಿ ಫೋಟೋ ಸಮೇತ ದಾಖಲಿಸುತ್ತಾರೆ. ಬೆಳೆದವರು ಯಾರು ಎಂಬ ಒಂದು ಸಾಲನ್ನು ಅದರಲ್ಲೇ ಸೇರಿಸಿ, ಆ ಹಂಗಾಮಿನ ಪರಿಹಾರ ಮತ್ತು ವಿಮೆಗೆ ಅದೇ ಸಾಕ್ಷಿ ಎಂದು ಸರ್ಕಾರ ಒಪ್ಪಿಕೊಳ್ಳಬಹುದು.